ತೆರಿಗೆ ಕಟ್ಟುವುದಕ್ಕೂ ಬಹುಮಾನ ಬೇಕೇ?

ಸಾಲ ಮಾಡಿ ತೆರಿಗೆ ಕಟ್ಟಿದರೆ ಲಾಭವಾಗುತ್ತದೆ ಎಂಬ ಹೊಸ ವಿದ್ಯೆಯೊಂದು ನಮ್ಮ ಪಟ್ಟಣಗಳಲ್ಲಿ ಹಬ್ಬುತ್ತಿದೆ. ಇದನ್ನು ಕಲಿಸುವವರು ಲೇವಾದೇವಿಗಾರರಲ್ಲ. ಓದಿದ, ಐದು ಹೊತ್ತು ನಮಾಝ್ ಮಾಡುವ, ಮೊಬೈಲ್ ಬಳಕೆಯಲ್ಲಿ ಪಳಗಿದ ನಮ್ಮದೇ ಯುವಕರು. ಆಸ್ತಿ ತೆರಿಗೆ, ಆದಾಯ ತೆರಿಗೆ, ವ್ಯಾಪಾರದ ತೆರಿಗೆ ಯಾವುದೇ ಇರಲಿ, ಬ್ಯಾಂಕ್ ಖಾತೆಯಿಂದ ನೇರವಾಗಿ ಕಟ್ಟುವುದು ಅವರ ಕಣ್ಣಿಗೆ ದಡ್ಡತನವಾಗಿ ಕಾಣುತ್ತದೆ. ಕ್ರೆಡಿಟ್ ಕಾರ್ಡಿನಿಂದ ಕಟ್ಟಬೇಕು, ಪಾಯಿಂಟ್ ಗಳಿಸಬೇಕು, ಆ ಪಾಯಿಂಟಿನಿಂದ ವಿಮಾನದ ಟಿಕೆಟೋ ಮಿಕ್ಸರೋ ಪಡೆಯಬೇಕು. ಹೇಗೂ ಕಟ್ಟಲೇಬೇಕಾದ ಹಣ, ಅದರಿಂದ ನಾಲ್ಕು ಕಾಸು ಮರಳಿ ಬಂದರೆ ತಪ್ಪೇನು ಎಂಬುದು ಅವರ ವಾದ.

ಈ ವಾದವನ್ನು ಬೀದರ್‌ನ ಹಳೆಯ ಶಹರಿನಲ್ಲೂ ಕೇಳಬಹುದು, ಭಾಲ್ಕಿಯ ಬಸ್ ನಿಲ್ದಾಣದ ಅಕ್ಕಪಕ್ಕದ ಅಂಗಡಿಗಳಲ್ಲೂ ಕೇಳಬಹುದು. ಔರಾದ್‌ನಲ್ಲಿ ಕಾರ್ಡ್ ಇರುವವರು ಕಡಿಮೆ. ಆದರೆ ಕಾರ್ಡ್ ಬೇಕೆಂಬ ಆಸೆ ಅಲ್ಲಿಗೂ ತಲುಪಿದೆ. ಮಹಾನಗರಗಳ ಅಧಿಕ ವೇತನದ ಉದ್ಯೋಗಿಗಳಿಗಾಗಿ ಹುಟ್ಟಿಕೊಂಡ ಈ ಆಟ ಜಿಲ್ಲಾ ಕೇಂದ್ರಕ್ಕೂ ತಾಲೂಕಿಗೂ ಇಳಿದು ಬಂದಾಗ ಅದರ ಸ್ವರೂಪವೇ ಬದಲಾಗುತ್ತದೆ. ಅಲ್ಲಿ ಅದು ಸಂಬಳದ ಮೇಲಿನ ಚಿಲ್ಲರೆ ಲಾಭ. ಇಲ್ಲಿ ಅದು ನೆರೆಮನೆಯವರ ಹಣವನ್ನು ಮುಟ್ಟುವ ವ್ಯವಹಾರ. ಈ ಎರಡನೆಯ ವಿಷಯಕ್ಕೆ ಬರುವ ಮುನ್ನ ಅವರದೇ ಲೆಕ್ಕವನ್ನೊಮ್ಮೆ ನೋಡೋಣ. ಏಕೆಂದರೆ ಧರ್ಮದ ಮಾತೆತ್ತಿದ ಕೂಡಲೇ, ನಿಮಗೆ ಲೆಕ್ಕ ಬಾರದು ಎಂದು ನಮ್ಮ ಬಾಯಿ ಮುಚ್ಚಿಸುವವರಿದ್ದಾರೆ.

ಒಂದು ಮನೆಗೆ ವರ್ಷಕ್ಕೆ 6,000 ರೂ. ಆಸ್ತಿ ತೆರಿಗೆ ಇದೆಯೆಂದಿಟ್ಟುಕೊಳ್ಳಿ. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ಶೇ. 5 ರಿಯಾಯಿತಿ ಇದೆ. ಅಂದರೆ 300 ರೂ. ಉಳಿತಾಯ. ಇದಕ್ಕೆ ಕಾರ್ಡ್ ಬೇಡ, ಪಾಯಿಂಟ್ ಬೇಡ, ಯಾರ ದಾಕ್ಷಿಣ್ಯವೂ ಬೇಡ. ಚಲನ್ ಹಿಡಿದು ಬ್ಯಾಂಕಿನ ಕಿಟಕಿಯ ಮುಂದೆ ನಿಲ್ಲುವ ವಿಧವೆಗೂ ಅದು ದೊರೆಯುತ್ತದೆ. ಇನ್ನು ಕಾರ್ಡಿನ ಲೆಕ್ಕ. ನೂರು ರೂಪಾಯಿಗೆ ಒಂದು ರೂಪಾಯಿಯಂತೆ ಪಾಯಿಂಟ್ ಸಿಕ್ಕಿತೆಂದರೂ 6,000 ರೂ.ಗೆ ಸಿಗುವುದು 60 ರೂ. ಆದರೆ ಸರಕಾರಿ ಪಾವತಿಯಲ್ಲಿ ಕಾರ್ಡಿನ ಶುಲ್ಕವನ್ನು ಸಾಮಾನ್ಯವಾಗಿ ಕಟ್ಟುವವನ ಮೇಲೆಯೇ ಹೇರಲಾಗುತ್ತದೆ. ಆ ಶುಲ್ಕ ಶೇ. 1 ಎಂದು ಹಿಡಿದರೆ 60 ರೂ., ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 70 ರೂ. 80 ಪೈಸೆ. ಎಪ್ಪತ್ತು ಕೊಟ್ಟು ಅರುವತ್ತು ಪಡೆಯುವುದು ಯಾವ ವ್ಯಾಪಾರ? ಅಂಗಡಿಯಲ್ಲಿ ಕುಳಿತು ಒಂದು ರೂಪಾಯಿಯ ಚಿಲ್ಲರೆಗೂ ಲೆಕ್ಕ ಕೇಳುವ ನಮ್ಮ ವ್ಯಾಪಾರಿ ಸಹೋದರರು ಇಲ್ಲಿ ಮಾತ್ರ ಲೆಕ್ಕ ಮರೆಯುವುದೇಕೆ? ಇಲ್ಲಿ ಬಹುಮಾನವೆಂದು ಬರುವುದು ತನ್ನ ಜೇಬಿನಿಂದಲೇ ಹೋದ ಹಣ, ಅದೂ ಸವೆದು ಬರುತ್ತದೆ.

ಅಷ್ಟೂ ಸಿಗುತ್ತದೆಯೇ ಎಂದರೆ ಅದೂ ಇಲ್ಲ. ಜನರು ಬೇರೆ ಖರ್ಚು ಮಾಡದೆ ತೆರಿಗೆ ಮತ್ತು ಬಾಡಿಗೆಯಿಂದಲೇ ಪಾಯಿಂಟ್ ಕೂಡಿಹಾಕತೊಡಗಿದಾಗ ಬ್ಯಾಂಕುಗಳು ಎಚ್ಚೆತ್ತುಕೊಂಡವು. 2023 ಮತ್ತು 2024ರಲ್ಲಿ ಹಲವು ದೊಡ್ಡ ಬ್ಯಾಂಕುಗಳು ತಮ್ಮ ಬಹಳಷ್ಟು ಕಾರ್ಡುಗಳಲ್ಲಿ ಸರಕಾರಿ ಪಾವತಿಗಳನ್ನು ಪಾಯಿಂಟ್ ಲೆಕ್ಕದಿಂದ ಹೊರಗಿಟ್ಟವು. ಈಗ ಉಳಿದಿರುವುದು ವ್ಯಾಪಾರಿಗಳಿಗೆಂದೇ ಹೊರಡಿಸಿದ ಕೆಲವು ಕಾರ್ಡುಗಳು ಮತ್ತು ವರ್ಷಕ್ಕೆ ಇಂತಿಷ್ಟು ಲಕ್ಷ ಖರ್ಚು ಮಾಡಿದರೆ ವಾರ್ಷಿಕ ಶುಲ್ಕ ಮನ್ನಾ ಎಂಬಂಥ ಆಮಿಷಗಳು. ಈ ಗುರಿ ಮುಟ್ಟಲಿಕ್ಕಾಗಿಯೇ ಕೆಲವರು ತಮ್ಮ ತೆರಿಗೆ ಸಾಲದೆಂದು ಇತರರ ತೆರಿಗೆಯನ್ನು ಹುಡುಕಿಕೊಂಡು ಹೋಗುತ್ತಾರೆ. ಇನ್ನು ಕೆಲವರು ಮುಂಗಡ ಆದಾಯ ತೆರಿಗೆಯನ್ನು ಬೇಕೆಂದೇ ಹೆಚ್ಚಾಗಿ ಕಟ್ಟಿ, ಪಾಯಿಂಟನ್ನೂ ಪಡೆದು, ಆಮೇಲೆ ಸರಕಾರದಿಂದ ಬಡ್ಡಿ ಸಮೇತ ಮರುಪಾವತಿಯನ್ನೂ ಪಡೆಯಬಹುದೆಂದು ಉಪದೇಶಿಸುತ್ತಾರೆ. ಇದನ್ನು ಜಾಣತನವೆಂದು ಮೆಚ್ಚುವ ಮನಸ್ಸು ನಮ್ಮಲ್ಲಿ ಹೇಗೆ ಬೆಳೆಯಿತು?

ಗಡುವು ತಪ್ಪಿದರೆ ಏನಾಗುತ್ತದೆಂಬುದನ್ನು ಕಾರ್ಡ್ ಕೊಡಿಸುವವನು ಹೇಳುವುದಿಲ್ಲ. ಕಾರ್ಡಿನ ಬಡ್ಡಿ ತಿಂಗಳಿಗೆ ಸುಮಾರು ಶೇ. 3ರಿಂದ 3.75ರವರೆಗೆ ಇರುತ್ತದೆ. ವರ್ಷಕ್ಕೆ ಶೇ. 36ರಿಂದ 45. ಊರಿನ ಸಾಹುಕಾರ ಇಷ್ಟು ಬಡ್ಡಿ ಕೇಳಿದ್ದರೆ ನಾವೇ ಅವನನ್ನು ರಕ್ತ ಹೀರುವವನೆಂದು ಕರೆಯುತ್ತಿದ್ದೆವು. ಮೇಲಾಗಿ ಆ ಬಡ್ಡಿಯ ಮೇಲೂ ಶೇ. 18 ಜಿಎಸ್‌ಟಿ. ಕನಿಷ್ಠ ಮೊತ್ತ ಮಾತ್ರ ಕಟ್ಟಿದರೆ ಸಾಕು ಎಂಬ ಸವಿಮಾತನ್ನು ನಂಬಿದವನಿಗೆ ಬಡ್ಡಿರಹಿತ ಅವಧಿಯೇ ರದ್ದಾಗುತ್ತದೆ. ಖರೀದಿಸಿದ ದಿನದಿಂದಲೇ ಬಡ್ಡಿ ಲೆಕ್ಕ ಹಾಕಲಾಗುತ್ತದೆ, ಹೊಸ ಖರೀದಿಗಳಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ. 20,000 ರೂ. ತೆರಿಗೆಗೆ 200 ರೂ. ಪಾಯಿಂಟ್ ಗಳಿಸಿದವನು ಒಂದೇ ಒಂದು ತಿಂಗಳು ತಪ್ಪಿದರೆ, ಶೇ. 3.5ರಂತೆ 700 ರೂ. ಬಡ್ಡಿ, 126 ರೂ. ತೆರಿಗೆ, ಒಟ್ಟು 826 ರೂ. ಕಳೆದುಕೊಳ್ಳುತ್ತಾನೆ. ತಡ ಪಾವತಿಯ ದಂಡ ಬೇರೆ. ನಾಲ್ಕು ವರ್ಷಗಳ ಪಾಯಿಂಟ್ ಒಂದು ತಿಂಗಳಲ್ಲಿ ಮುಗಿಯಿತು.

ಈ ಬಡ್ಡಿಗೆ ಒಂದು ಮಿತಿಯಾದರೂ ಇದೆಯೇ? ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ವಿಧಿಸುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ವ್ಯಾಜ್ಯಗಳ ಆಯೋಗವು 2008ರಲ್ಲಿ ತೀರ್ಪು ನೀಡಿತ್ತು. ಬ್ಯಾಂಕುಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. ಹದಿನಾರು ವರ್ಷಗಳ ನಂತರ, 2024ರ ಡಿಸೆಂಬರ್ 20ರಂದು, ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿತು. ಬಡ್ಡಿಯ ದರವನ್ನು ನಿಗದಿಪಡಿಸುವುದು ಗ್ರಾಹಕ ಆಯೋಗದ ಕೆಲಸವಲ್ಲವೆಂಬುದು ಅದರ ನಿಲುವು. ಕಾನೂನಿನ ದೃಷ್ಟಿಯಿಂದ ಅದು ಏನೇ ಇರಲಿ, ನಮ್ಮ ಯುವಕನ ಪಾಲಿಗೆ ಅದರ ಅರ್ಥ ಇಷ್ಟೇ: ಬಿದ್ದರೆ ಹಿಡಿಯಲು ಕೆಳಗೆ ಬಲೆ ಇಲ್ಲ. 2024ರಲ್ಲಿ ದೇಶದ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 10 ಕೋಟಿ ದಾಟಿತು, ಅವುಗಳ ಮೇಲಿನ ಬಾಕಿ ಎರಡೂವರೆ ಲಕ್ಷ ಕೋಟಿ ರೂ. ಮೀರಿತು. 2023ರ ನವೆಂಬರ್‌ನಲ್ಲಿಯೇ ರಿಸರ್ವ್ ಬ್ಯಾಂಕ್ ಇಂಥ ಸಾಲಗಳ ಕುರಿತು ಆತಂಕಗೊಂಡು ಬ್ಯಾಂಕುಗಳ ಮೇಲೆ ಬಿಗಿ ನಿಯಮ ಹೇರಿತ್ತು. ರಿಸರ್ವ್ ಬ್ಯಾಂಕಿಗೆ ಅಂಜಿಕೆಯಾಗಿದೆ, ನಮಗೆ ಆಗಿಲ್ಲ.

"ನಾನು ಒಂದು ದಿನವೂ ತಪ್ಪದೆ ಕಟ್ಟುತ್ತೇನೆ, ಒಂದು ಪೈಸೆ ಬಡ್ಡಿ ಕೊಟ್ಟಿಲ್ಲ, ಆದ್ದರಿಂದ ನನಗೆ ಇದು ಹಲಾಲ್" ಎನ್ನುವವರ ಮಾತನ್ನೂ ಕೇಳೋಣ. ಇದು ಹಗುರವಾಗಿ ತಳ್ಳಿಹಾಕುವ ವಾದವಲ್ಲ. ಅನಿವಾರ್ಯ ಸಂದರ್ಭದಲ್ಲಿ, ಗಡುವಿನೊಳಗೆ ಪೂರ್ತಿ ಕಟ್ಟುವ ದೃಢ ನಿರ್ಧಾರದೊಂದಿಗೆ ಕಾರ್ಡ್ ಬಳಸಲು ಅನುಮತಿ ನೀಡಿದ ಉಲಮಾಗಳಿದ್ದಾರೆ. ಸಾಲದ ಮೇಲೆ ಸಾಲ ಕೊಟ್ಟವನು ಲಾಭ ಪಡೆದರೆ ಅದು ಬಡ್ಡಿ, ಇಲ್ಲಿ ಲಾಭ ಪಡೆಯುವವನು ಸಾಲ ಪಡೆದವನು, ಆದ್ದರಿಂದ ಪಾಯಿಂಟ್ ಎಂಬುದು ಬ್ಯಾಂಕಿನ ಉಡುಗೊರೆಯೇ ಹೊರತು ಬಡ್ಡಿಯಲ್ಲ ಎಂಬ ಅಭಿಪ್ರಾಯವೂ ಇದೆ. ಆದರೆ ಸಾಮೂಹಿಕ ತೀರ್ಮಾನಗಳು ಬೇರೆ ದಿಕ್ಕಿನಲ್ಲಿವೆ. ಇಸ್ಲಾಮಿ ರಾಷ್ಟ್ರಗಳ ಸಂಘಟನೆಯ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿಯು 2000ದಲ್ಲಿ ರಿಯಾದ್‌ನಲ್ಲಿ ಸೇರಿದ ತನ್ನ 12ನೇ ಅಧಿವೇಶನದಲ್ಲಿ, ಬಡ್ಡಿಯ ಷರತ್ತು ಇರುವ ಕ್ರೆಡಿಟ್ ಕಾರ್ಡನ್ನು ಬಳಸುವುದು, ಗಡುವಿನೊಳಗೆ ಕಟ್ಟುವ ಉದ್ದೇಶವಿದ್ದರೂ, ಸಮ್ಮತವಲ್ಲವೆಂದು ನಿರ್ಣಯಿಸಿತು. ನಮ್ಮ ನಾಡಿನ ಮೈಸೂರಿನಲ್ಲೇ 2006ರಲ್ಲಿ ಭಾರತದ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯ 15ನೇ ವಿಚಾರಗೋಷ್ಠಿ ನಡೆದು ಬ್ಯಾಂಕ್ ಕಾರ್ಡುಗಳ ವಿಷಯ ಚರ್ಚೆಯಾಯಿತು. ಎಟಿಎಂ ಮತ್ತು ಡೆಬಿಟ್ ಕಾರ್ಡಿಗೆ ಅಡ್ಡಿಯಿಲ್ಲ, ಬಡ್ಡಿಯ ಕರಾರು ಬೆಸೆದಿರುವ ಪ್ರಚಲಿತ ಕ್ರೆಡಿಟ್ ಕಾರ್ಡ್ ಸಮ್ಮತವಲ್ಲ ಎಂಬುದೇ ಅಲ್ಲಿನ ನಿಲುವು. ಕಾರಣ ಸ್ಪಷ್ಟ. ಬಡ್ಡಿ ಕೊಡುತ್ತೇನೋ ಇಲ್ಲವೋ ಎಂಬುದು ನಂತರದ ಮಾತು. ಕೊಡುತ್ತೇನೆಂಬ ಕರಾರಿಗೆ ಮೊದಲ ದಿನವೇ ಸಹಿ ಬಿದ್ದಿರುತ್ತದೆ.

ಬಡ್ಡಿ ತಿನ್ನುವವನನ್ನು ಮಾತ್ರವಲ್ಲ, ಕೊಡುವವನನ್ನೂ, ಅದರ ಲೆಕ್ಕ ಬರೆಯುವವನನ್ನೂ, ಸಾಕ್ಷಿ ನಿಲ್ಲುವವರನ್ನೂ ಪ್ರವಾದಿವರ್ಯರು(ಸ) ಒಂದೇ ಸಾಲಿನಲ್ಲಿ ಶಪಿಸಿರುವುದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಇಷ್ಟು ಗಂಭೀರವಾದ ವಿಷಯದಲ್ಲಿ ಅನಿವಾರ್ಯತೆಗೆ ನೀಡಿದ ರಿಯಾಯಿತಿಯನ್ನು ಆಮಿಷಕ್ಕೆ ಬಳಸಬಹುದೇ? ವಿದೇಶಕ್ಕೆ ಹೋದವನಿಗೆ ಹೊಟೇಲಿನಲ್ಲಿ ಕಾರ್ಡ್ ಬೇಕಾದೀತು. ತೆರಿಗೆ ಕಟ್ಟಲು ಕಾರ್ಡಿನ ಅನಿವಾರ್ಯತೆ ಎಲ್ಲಿದೆ? ಬ್ಯಾಂಕಿನ ಚಲನ್ ಇದೆ, ನೆಟ್ ಬ್ಯಾಂಕಿಂಗ್ ಇದೆ, ಯುಪಿಐ ಇದೆ. 2024ರ ಸೆಪ್ಟೆಂಬರ್‌ನಿಂದ ತೆರಿಗೆ ಪಾವತಿಗೆ ಯುಪಿಐ ಮಿತಿಯನ್ನು 5 ಲಕ್ಷ ರೂ.ಗೆ ಏರಿಸಲಾಗಿದೆ. ಬೀದರ್ ಜಿಲ್ಲೆಯ ನಮ್ಮ ಕುಟುಂಬಗಳಲ್ಲಿ ಅದನ್ನು ಮೀರಿದ ತೆರಿಗೆ ಕಟ್ಟುವವರು ಎಷ್ಟು ಮಂದಿ? ಇಲ್ಲಿ ಅನಿವಾರ್ಯತೆ ಎಂಬ ಪದ ಬಾಯಿಗೆ ಬರಲೇಕೂಡದು.

ಆ ಉಡುಗೊರೆ ಎಲ್ಲಿಂದ ಬರುತ್ತದೆಂಬುದನ್ನೂ ವಿಚಾರಿಸಬೇಡವೇ? ಬ್ಯಾಂಕ್ ತನ್ನ ಮನೆಯಿಂದ ತಂದು ಕೊಡುವುದಿಲ್ಲ. ಒಂದು ಪಾಲು ವ್ಯಾಪಾರಿಯಿಂದ ಬರುತ್ತದೆ. ಬೀದರ್‌ನ ಬಿದ್ರಿ ಕುಶಲಕರ್ಮಿಯನ್ನೇ ನೋಡಿ. ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣು ಹಾಕಿ ಕಪ್ಪುಗೊಳಿಸಿ, ದಿನಗಟ್ಟಲೆ ಬೆನ್ನು ಬಾಗಿಸಿ ಮಾಡಿದ ಹೂದಾನಿಯನ್ನು ಪ್ರವಾಸಿಗನೊಬ್ಬ ಕಾರ್ಡಿನಿಂದ ಕೊಂಡರೆ, ನೂರಕ್ಕೆ ಎರಡರ ಆಸುಪಾಸು ಹಣ ಆ ಕುಶಲಕರ್ಮಿಯ ಮಾರಾಟದಿಂದ ಕಡಿತವಾಗುತ್ತದೆ. ಕೊಂಡವನಿಗೆ ಪಾಯಿಂಟ್ ಸಿಗುತ್ತದೆ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಮಾನ್ಯತೆ ಬಂತು, 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು, ನಮಗೆಲ್ಲ ಹೆಮ್ಮೆಯಾಯಿತು. ಆದರೆ ಕುಲುಮೆಯ ಮುಂದೆ ಕುಳಿತವನ ಕೂಲಿಯಿಂದ ಕತ್ತರಿಸಿದ ಚೂರು ಯಾರ ವಿಮಾನದ ಟಿಕೆಟಾಗುತ್ತದೆಂದು ನಾವು ಕೇಳಿಲ್ಲ.

ಇನ್ನೊಂದು ಪಾಲು ಇದಕ್ಕಿಂತ ಕರಾಳ. ಅದು ಗಡುವು ತಪ್ಪಿದವರ ಬಡ್ಡಿ. ಕಾರ್ಡ್ ವ್ಯವಹಾರದಲ್ಲಿ ಬ್ಯಾಂಕಿಗೆ ದೊಡ್ಡ ಆದಾಯ ತರುವವರು ಪೂರ್ತಿ ಕಟ್ಟುವ ಜಾಣರಲ್ಲ, ಕಟ್ಟಲಾರದೆ ತಿಂಗಳಿಂದ ತಿಂಗಳಿಗೆ ಸಾಲವನ್ನು ಎಳೆಯುವ ದುರ್ಬಲರು. ಆಸ್ಪತ್ರೆಯ ಬಿಲ್ಲಿಗೋ ಮಗಳ ಮದುವೆಗೋ ಕಾರ್ಡ್ ಉಜ್ಜಿ ಸಿಕ್ಕಿಬಿದ್ದವನ ಶೇ. 42ರ ಬಡ್ಡಿಯಿಂದ ಜಾಣನಿಗೆ ಬಹುಮಾನ ಹಂಚಲಾಗುತ್ತದೆ. ಸಾಲಗಾರ ಇಕ್ಕಟ್ಟಿನಲ್ಲಿದ್ದರೆ ಅವನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ನೀಡಬೇಕೆಂದೂ ಬಿಟ್ಟುಕೊಟ್ಟರೆ ಇನ್ನೂ ಉತ್ತಮವೆಂದೂ ಪವಿತ್ರ ಕುರ್‌ಆನ್ ಕಲಿಸುತ್ತದೆ (ಅಲ್‌ಬಕರ: 280). ಇಲ್ಲಿ ಅವನ ಇಕ್ಕಟ್ಟೇ ನಮ್ಮ ಉಡುಗೊರೆಯ ಮೂಲ. ಒಂದು ಪೈಸೆ ಬಡ್ಡಿ ಕೊಟ್ಟಿಲ್ಲವೆಂದು ಎದೆಯುಬ್ಬಿಸುವವನು, ಬೇರೊಬ್ಬ ಕೊಟ್ಟ ಬಡ್ಡಿಯಲ್ಲಿ ತನ್ನ ಪಾಲು ಎಷ್ಟೆಂದು ಹೇಳಬಲ್ಲನೇ?

ಈಗ ನೆರೆಮನೆಯವರ ಹಣದ ವಿಷಯಕ್ಕೆ ಬರೋಣ. ನಮ್ಮ ಮೊಹಲ್ಲಾಗಳಲ್ಲಿ ವಯಸ್ಸಾದವರಿಗೆ, ಗಂಡಂದಿರು ಗಲ್ಫ್‌ನಲ್ಲಿರುವ ಹೆಣ್ಣುಮಕ್ಕಳಿಗೆ ಆಸ್ತಿ ತೆರಿಗೆಯೆಂಬುದು ತಲೆನೋವಿನ ಕೆಲಸ. ಬೀದರ್‌ನಲ್ಲಾಗಲಿ, ಭಾಲ್ಕಿ ಪುರಸಭೆಯಲ್ಲಾಗಲಿ, ಔರಾದ್ ಪಟ್ಟಣ ಪಂಚಾಯತಿಯಲ್ಲಾಗಲಿ ಕಚೇರಿಗೆ ಅಲೆಯುವುದು, ಅರ್ಜಿ ತುಂಬುವುದು, ಅಳತೆ ಹೊಂದಿಸುವುದು ಅವರಿಂದಾಗದು. 2025ರಲ್ಲಿ ರಾಜ್ಯಾದ್ಯಂತ ನಗರ ಸಂಸ್ಥೆಗಳಲ್ಲಿ ಬಿ-ಖಾತಾ ಅಭಿಯಾನ ಆರಂಭವಾದಾಗ ದಾಖಲೆಗಾಗಿ ತೆರಿಗೆ ಕಟ್ಟಬೇಕಾದವರ ಸಂಖ್ಯೆ ಇನ್ನಷ್ಟು ಬೆಳೆಯಿತು. ಹೀಗಾಗಿ ಪಕ್ಕದ ಮನೆಯ ಓದಿದ ಹುಡುಗನ ಕೈಗೆ ನಗದು ಕೊಟ್ಟು, "ಬೇಟಾ, ನಮ್ಮದೂ ಕಟ್ಟಿಬಿಡು" ಎನ್ನುವುದು ಸಾಮಾನ್ಯ. ಇದು ಒಳ್ಳೆಯ ಸೇವೆ, ಸವಾಬಿನ ಕೆಲಸ. ಆದರೆ ಆ ಹುಡುಗ ನಗದನ್ನು ತನ್ನಲ್ಲಿಟ್ಟುಕೊಂಡು ತೆರಿಗೆಯನ್ನು ತನ್ನ ಕಾರ್ಡಿನಿಂದ ಕಟ್ಟುವಾಗ ಅದು ಸೇವೆಯಾಗಿ ಉಳಿಯುವುದಿಲ್ಲ. ನಲವತ್ತು ಮನೆಗಳಿಂದ ಐದೈದು ಸಾವಿರ ಬಂದರೆ ಎರಡು ಲಕ್ಷ. ಪಾಯಿಂಟ್ ಅವನಿಗೆ. ನಲವತ್ತೈದು ದಿನ ಕೈಯಲ್ಲಿ ಆಡುವ ನಗದು ಅವನಿಗೆ. ಕಾರ್ಡಿನ ಶುಲ್ಕ ಮಾತ್ರ "ಆನ್‌ಲೈನ್ ಚಾರ್ಜ್" ಎಂಬ ಹೆಸರಿನಲ್ಲಿ ಆ ಅಜ್ಜಿಗೆ.

ಆ ಎರಡು ಲಕ್ಷ ಯಾರದು? ತೆರಿಗೆ ಕಟ್ಟಲೆಂದು ಕೊಟ್ಟ ಹಣ ಅಮಾನತ್ತು. ಕೊಟ್ಟವರ ಅನುಮತಿಯಿಲ್ಲದೆ ಅದನ್ನು ತನ್ನ ವ್ಯಾಪಾರಕ್ಕೆ ತೊಡಗಿಸುವುದು ಖಿಯಾನತ್. ತೆರಿಗೆ ಪಾವತಿಯಾಗಿದೆ, ರಶೀದಿ ಬಂದಿದೆ, ಯಾರಿಗೂ ನಷ್ಟವಿಲ್ಲ ಎಂಬುದು ಇಲ್ಲಿ ಉತ್ತರವಾಗದು. ನಲವತ್ತೈದು ದಿನಗಳೊಳಗೆ ಅಂಗಡಿಗೆ ಸರಕು ಬಂತೋ, ಮನೆಯಲ್ಲಿ ಕಾಯಿಲೆ ಬಂತೋ, ಆ ನಗದು ಕರಗಿತು. ಕಾರ್ಡಿನ ಬಿಲ್ಲು ಬಾಗಿಲು ತಟ್ಟಿತು. ಆಗ ಎರಡು ಲಕ್ಷಕ್ಕೆ ತಿಂಗಳಿಗೆ 7,000 ರೂ. ಬಡ್ಡಿ, 1,260 ರೂ. ಜಿಎಸ್‌ಟಿ. ಅದನ್ನು ತುಂಬಲು ಇನ್ನೊಂದು ಕಾರ್ಡ್. ನೂರಕ್ಕೆ ಎರಡು-ಮೂರು ಹಿಡಿದುಕೊಂಡು ಕಾರ್ಡ್ ಉಜ್ಜಿ ನಗದು ಕೊಡುವ ಅಂಗಡಿಗಳು ಇರುವುದೇ ಇಂಥವರಿಗಾಗಿ. ಎರಡು ಸಾವಿರ ರೂಪಾಯಿಯ ಪಾಯಿಂಟಿಗಾಗಿ ಹೊರಟವನು ಮನೆಯವರ ಒಡವೆ ಅಡವಿಡುವ ಹಂತಕ್ಕೆ ಬರಲು ಆರು ತಿಂಗಳು ಸಾಕು. ಸಾಲವಿಟ್ಟು ತೀರಿಕೊಂಡ ಸಹಾಬಿಯೊಬ್ಬರ ಜನಾಝ ನಮಾಝ್‌ಗೆ ಪ್ರವಾದಿವರ್ಯರು(ಸ) ಸ್ವತಃ ಮುಂದಾಗಲಿಲ್ಲ, ಅಬೂ ಕತಾದ(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ನಮಾಝ್ ನಿರ್ವಹಿಸಿದರು. ಆ ಸಾಲ ಎರಡೋ ಮೂರೋ ದೀನಾರುಗಳದು. ನಾವು ಸಾಲವನ್ನು ಆಟದ ಸಾಮಾನು ಮಾಡಿಕೊಂಡಿದ್ದೇವೆ.

ಹದೀಸ್‌ನಲ್ಲಿ ಈ ವಿಷಯಕ್ಕೆ ಅತ್ಯಂತ ಸಮೀಪದ ಘಟನೆಯೊಂದಿದೆ. ಇಬ್ನುಲ್ಲುತ್‌ಬಿಯ್ಯ ಎಂಬವರನ್ನು ಪ್ರವಾದಿವರ್ಯರು(ಸ) ಝಕಾತ್ ಸಂಗ್ರಹಕ್ಕೆ ಕಳುಹಿಸಿದ್ದರು. ಅವರು ಮರಳಿ ಬಂದು, ಇಷ್ಟು ನಿಮ್ಮ ಪಾಲಿನದು, ಇದು ನನಗೆ ಸಿಕ್ಕಿದ ಉಡುಗೊರೆ ಎಂದು ಎರಡು ಗುಡ್ಡೆ ಮಾಡಿ ತೋರಿಸಿದರು. ಪ್ರವಾದಿವರ್ಯರು(ಸ) ಮಿಂಬರನ್ನೇರಿ ಜನರನ್ನುದ್ದೇಶಿಸಿ, ಇವನು ತನ್ನ ತಂದೆ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಈ ಉಡುಗೊರೆ ಇವನನ್ನು ಹುಡುಕಿಕೊಂಡು ಬರುತ್ತಿತ್ತೇ ಎಂಬ ಅರ್ಥದಲ್ಲಿ ಪ್ರಶ್ನಿಸಿದರು. ಸ್ವಂತ ತೆರಿಗೆ ಕಟ್ಟುವವನಿಗೆ ಈ ಘಟನೆ ನೇರವಾಗಿ ಅನ್ವಯಿಸುವುದಿಲ್ಲ, ಒಪ್ಪುತ್ತೇವೆ. ಆದರೆ ನಲವತ್ತು ಮನೆಗಳ ತೆರಿಗೆ ಸಂಗ್ರಹಿಸುವವನಿಗೆ? ಆ ನಲವತ್ತು ಮನೆಗಳು ಅವನನ್ನು ನಂಬದಿದ್ದರೆ ಬ್ಯಾಂಕಿನ ಉಡುಗೊರೆ ಅವನನ್ನು ಹುಡುಕಿಕೊಂಡು ಬರುತ್ತಿತ್ತೇ? ಸಂಘ, ಮದ್ರಸ, ಮಸ್ಜಿದ್‌ಗಳ ಪರವಾಗಿ ವಿದ್ಯುತ್ ಬಿಲ್ಲು, ನೀರಿನ ಕರ ಕಟ್ಟುವ ಪದಾಧಿಕಾರಿಗಳೂ ಈ ಪ್ರಶ್ನೆಯನ್ನು ತಮಗೆ ಕೇಳಿಕೊಳ್ಳಬೇಕು. ಜಮಾಅತಿನ ಹಣ ಕಟ್ಟಿ ಪಾಯಿಂಟ್ ತನ್ನ ಖಾತೆಗೆ ಹಾಕಿಕೊಳ್ಳುವುದನ್ನು ಲೆಕ್ಕ ಪರಿಶೋಧಕ ಹಿಡಿಯಲಾರ.

ನಾವು ಎಂಥ ಊರಿನವರು ಎಂಬುದನ್ನೂ ನೆನಪಿಸಿಕೊಳ್ಳಬೇಕಾಗಿದೆ. 1472ರಲ್ಲಿ ಬೀದರ್‌ನಲ್ಲಿ ಮದ್ರಸ ಕಟ್ಟಿಸಿದ ಮಹಮೂದ್ ಗವಾನ್ ಬಹಮನಿ ರಾಜ್ಯದ ಭೂಮಿಯನ್ನು ಅಳೆಸಿ ಕಂದಾಯಕ್ಕೆ ಒಂದು ಕ್ರಮ ತಂದವರು. ರಾಜ್ಯದ ಖಜಾನೆಯ ಕೀಲಿಯೇ ಕೈಯಲ್ಲಿದ್ದ ಅವರು ಸ್ವಂತ ಖರ್ಚನ್ನು ತಮ್ಮ ವ್ಯಾಪಾರದ ಬಂಡವಾಳದಿಂದ ನಡೆಸುತ್ತಿದ್ದರೆಂದು ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. 1481ರಲ್ಲಿ ನಕಲಿ ಪತ್ರದ ಪಿತೂರಿಗೆ ಬಲಿಯಾಗಿ ಅವರು ವಧಿಸಲ್ಪಟ್ಟಾಗ ಮನೆಯಲ್ಲಿ ಹೇಳಿಕೊಳ್ಳುವಂಥ ಸಂಪತ್ತು ಸಿಗಲಿಲ್ಲ. ಇದೇ ಜಿಲ್ಲೆಯ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಬಂದ ಆರೋಪವೂ ಖಜಾನೆಯ ದುರುಪಯೋಗದ್ದೇ ಎಂದು ಶರಣ ಪರಂಪರೆ ಹೇಳುತ್ತದೆ, ಆ ಆರೋಪ ನಿಲ್ಲಲಿಲ್ಲವೆಂದೂ ಹೇಳುತ್ತದೆ. ಸಾರ್ವಜನಿಕ ಹಣವನ್ನು ಬೆಂಕಿಯಂತೆ ದೂರವಿಟ್ಟವರ ನೆಲವಿದು. ಗವಾನ್ ಮದ್ರಸದ ನೆರಳಿನಲ್ಲಿ ಕುಳಿತು, ಚರಂಡಿಗೂ ಬೀದಿದೀಪಕ್ಕೂ ಕೊಡುವ ಹಣದಲ್ಲಿ ನನಗೆಷ್ಟು ಕಮಿಷನ್ ಎಂದು ಕೇಳುವವರನ್ನು ಈ ನೆಲ ಹಿಂದೆ ಕಂಡಿರಲಾರದು.

ಆದರೆ ತಪ್ಪನ್ನೆಲ್ಲ ಯುವಕರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. 2006ರ ನವೆಂಬರ್‌ನಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯನ್ನು ತೆರೆದು ನೋಡಿ. ಕೆಲವು ಬ್ಯಾಂಕುಗಳು ಕೆಲವು ಪ್ರದೇಶಗಳನ್ನು 'ನಕಾರಾತ್ಮಕ ವಲಯ'ವೆಂದು ಗುರುತಿಸಿ ಅಲ್ಲಿ ಸಾಲ ಸೌಲಭ್ಯವನ್ನು ಸುಲಭವಾಗಿ ನೀಡುವುದಿಲ್ಲವೆಂಬುದನ್ನು ಅದು ಬಹಿರಂಗಪಡಿಸಿತು. ಹೊಲಿಗೆ ಯಂತ್ರಕ್ಕೆ, ಕುಲುಮೆಗೆ, ತಳ್ಳುಗಾಡಿಗೆ ಸಾಲ ಕೇಳಿದಾಗ ಮುಸ್ಲಿಮರ ಗಲ್ಲಿಯ ವಿಳಾಸ ನೋಡಿಯೇ ಅರ್ಜಿ ಬದಿಗಿಡುವ ವ್ಯವಸ್ಥೆ, ಇಂದು ಅದೇ ಗಲ್ಲಿಯ ಹುಡುಗನಿಗೆ ಫೋನ್ ಮಾಡಿ ಕಾರ್ಡ್ ಬೇಕೇ ಎಂದು ಕೇಳುತ್ತದೆ! ದುಡಿದು ತೀರಿಸುವ ಸಾಲಕ್ಕೆ ಬಾಗಿಲು ಮುಚ್ಚಿದೆ, ತಿಂದು ತೀರಿಸಲಾಗದ ಸಾಲಕ್ಕೆ ಬಾಗಿಲು ತೆರೆದಿದೆ. ಇದನ್ನು ಆರ್ಥಿಕ ಒಳಗೊಳ್ಳುವಿಕೆ ಎಂದು ಕರೆಯುವವರಿಗೆ ನಾಚಿಕೆಯಾಗಬೇಕು.

ಬಡ್ಡಿರಹಿತ ಬ್ಯಾಂಕಿಂಗ್‌ನ ಕತೆಯೂ ಇದೇ. ರಘುರಾಮ್ ರಾಜನ್ ಅಧ್ಯಕ್ಷತೆಯ ಸಮಿತಿ 2008ರಲ್ಲಿಯೇ ಅದರ ಪರವಾಗಿ ಶಿಫಾರಸು ಮಾಡಿತ್ತು. ಮುಸ್ಲಿಮರಿಗಾಗಿ ಮಾತ್ರವಲ್ಲ, ಬಡ್ಡಿಯ ಕಾರಣಕ್ಕೆ ಬ್ಯಾಂಕಿನಿಂದ ದೂರವುಳಿದ ಎಲ್ಲರಿಗಾಗಿ. ರಿಸರ್ವ್ ಬ್ಯಾಂಕ್ ಕೂಡ ಸಾಂಪ್ರದಾಯಿಕ ಬ್ಯಾಂಕುಗಳಲ್ಲಿ ಒಂದು ಕಿಟಕಿ ತೆರೆಯುವ ಪ್ರಸ್ತಾಪವನ್ನು ಮುಂದಿಟ್ಟಿತ್ತು. 2017ರಲ್ಲಿ ಅದನ್ನು ಕೈಬಿಡಲಾಯಿತು. ಕಾನೂನಿನ ಬಾಗಿಲು ಮುಚ್ಚಿದಾಗ ಹಿಂಬಾಗಿಲಿನಿಂದ ಬಂದವರು ಯಾರು? ಹಲಾಲ್ ಹೂಡಿಕೆಯ ಹೆಸರಿನಲ್ಲಿ ಬೆಂಗಳೂರಿನ ಐಎಂಎ 2019ರಲ್ಲಿ ಕುಸಿದಾಗ ಸಾವಿರಾರು ಕುಟುಂಬಗಳು ಬೀದಿಗೆ ಬಿದ್ದುದು ನಮ್ಮ ಕಣ್ಣ ಮುಂದಿದೆ. ಒಂದು ಕಡೆ ಹಲಾಲ್ ಹಣೆಪಟ್ಟಿಯ ವಂಚನೆ, ಇನ್ನೊಂದು ಕಡೆ ಪಾಯಿಂಟ್ ಹಣೆಪಟ್ಟಿಯ ಬಡ್ಡಿ. ಇವೆರಡರ ನಡುವೆ ನಮ್ಮ ಸಮುದಾಯಕ್ಕೆ ಪ್ರಾಮಾಣಿಕವಾದ ಒಂದು ಸಣ್ಣ ಸಾಲ ಸಂಸ್ಥೆಯನ್ನು ಕಟ್ಟಿಕೊಡಲಾರದ ನಾಯಕರು ಮದುವೆ ಸಭಾಂಗಣಗಳ ಉದ್ಘಾಟನೆಯಲ್ಲಿ ಮಗ್ನರಾಗಿದ್ದಾರೆ.

ಹಿಂದಿನವರು ಹೀಗಿರಲಿಲ್ಲ. ನಮ್ಮ ಬೀದರ್ 1956ರವರೆಗೆ ಸೇರಿದ್ದ ಹೈದರಾಬಾದ್‌ನಲ್ಲಿ ಬಡ್ಡಿರಹಿತ ಸಾಲ ಸಂಘಗಳು ದಶಕಗಟ್ಟಲೆ ಕೆಲಸ ಮಾಡಿದ್ದವು. ಆ ನಗರದಲ್ಲೇ 1908ರಲ್ಲಿ ಹುಟ್ಟಿದ ವಿದ್ವಾಂಸ ಡಾ. ಮುಹಮ್ಮದ್ ಹಮೀದುಲ್ಲಾ ಅವುಗಳ ಕುರಿತು ಬರೆದು ಜಗತ್ತಿಗೆ ತಿಳಿಸಿದರು. ಸರಕಾರಿ ನೌಕರರು ತಿಂಗಳಿಗೊಂದಿಷ್ಟು ಕೂಡಿಸಿ, ತಮ್ಮೊಳಗೇ ಸಾಲ ಕೊಟ್ಟು ತೀರಿಸಿಕೊಳ್ಳುತ್ತಿದ್ದ ಸರಳ ಏರ್ಪಾಡು ಅದು. ಇನ್ನು ಮಹಿಳಾ ಸ್ವಸಹಾಯ ಗುಂಪುಗಳಿಗೆ ಸಾಲ ನೀಡುವುದರಲ್ಲಿ ರಾಜ್ಯಕ್ಕೇ ದಾರಿ ತೋರಿದ್ದು ಬೀದರ್ ಡಿಸಿಸಿ ಬ್ಯಾಂಕ್. ವಾರಕ್ಕೆ ಹತ್ತಿಪ್ಪತ್ತು ರೂಪಾಯಿ ಕೂಡಿಸುವ ಶಿಸ್ತನ್ನು ಈ ಜಿಲ್ಲೆಯ ಹೆಣ್ಣುಮಕ್ಕಳು ಬಲ್ಲರು. ಅಲ್ಲಿ ಬಡ್ಡಿ ಇದೆ ನಿಜ. ಬಡ್ಡಿಯನ್ನು ತೆಗೆದು ಶಿಸ್ತನ್ನು ಉಳಿಸಿಕೊಳ್ಳಲು ನಮಗೇನು ಅಡ್ಡಿ?

ವರ್ಷಕ್ಕೆ 6,000 ರೂ. ತೆರಿಗೆ ಎಂದರೆ ತಿಂಗಳಿಗೆ 500 ರೂ. ಮೇ ತಿಂಗಳಿಂದ ಮಾರ್ಚ್‌ವರೆಗೆ ಮೊಹಲ್ಲಾದ ಬೈತುಲ್‌ಮಾಲ್‌ನಲ್ಲಿ ಇದನ್ನು ಕೂಡಿಸಿಡಲಿ. ಏಪ್ರಿಲ್‌ನಲ್ಲಿ ಕೊನೆಯ ಕಂತನ್ನು ಸೇರಿಸಿ ಒಟ್ಟಿಗೆ ಕಟ್ಟಿದರೆ ರಿಯಾಯಿತಿಯ 300 ರೂ. ಪ್ರತಿ ಮನೆಯ ಕೈಯಲ್ಲಿ ಉಳಿಯುತ್ತದೆ. ಕೂಡಿಸಲಾಗದವರಿಗೆ ಬಡ್ಡಿಯಿಲ್ಲದ ಕರ್ಝೆ ಹಸನ ಸಿಗಲಿ. ಜುಲೈಯಿಂದ ತಿಂಗಳಿಗೆ ಶೇ. 2ರ ದಂಡ ಬೆಳೆಯುವ ಮುನ್ನ ಅವರ ಬಾಕಿ ತೀರಲಿ. ಕಟ್ಟಿದ ಮೇಲೆ ರಶೀದಿಯ ಪ್ರತಿಯನ್ನು ಆಯಾ ಮನೆಗೆ ಕೊಟ್ಟು ಸಹಿ ಪಡೆಯಲಿ. ಅದೇ ಓದಿದ ಹುಡುಗರನ್ನು, ಅದೇ ಮೊಬೈಲ್‌ನೊಂದಿಗೆ, ಇದಕ್ಕೆ ತೊಡಗಿಸಬಹುದು. ಜುಮಾದ ನಂತರ ಮಸ್ಜಿದ್‌ನ ವರಾಂಡದಲ್ಲಿ ಒಂದು ಮೇಜು, ಒಂದು ರಿಜಿಸ್ಟರ್ ಸಾಕು.

ಹಾಗೆ ಒಟ್ಟಾಗಿ ಕಟ್ಟಿದ ರಶೀದಿಗಳ ಕಟ್ಟನ್ನು ಹಿಡಿದು ನಗರಸಂಸ್ಥೆಗೆ ಹೋಗುವ ಧೈರ್ಯವೂ ಆಗ ಬರುತ್ತದೆ. ಕಾರ್ಡ್ ಕಂಪೆನಿಯಿಂದ ಮಿಕ್ಸರ್ ಕೇಳುವ ನಾವು, ನಮ್ಮ ತೆರಿಗೆಗೆ ಪ್ರತಿಯಾಗಿ ನಮ್ಮ ಗಲ್ಲಿಗೆ ಬರಬೇಕಾದ ನೀರನ್ನು, ಕಸದ ಗಾಡಿಯನ್ನು, ಮುಚ್ಚಿದ ಚರಂಡಿಯನ್ನು ಕೇಳಿದ್ದೇವೆಯೇ? ಹಳೆಯ ಶಹರಿನ ವಾರ್ಡುಗಳಿಂದ ಕಳೆದ ಐದು ವರ್ಷಗಳಲ್ಲಿ ಎಷ್ಟು ಆಸ್ತಿ ತೆರಿಗೆ ವಸೂಲಾಯಿತು, ಅದೇ ವಾರ್ಡುಗಳಲ್ಲಿ ಎಷ್ಟು ಖರ್ಚಾಯಿತು? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಬೀದರ್, ಭಾಲ್ಕಿ, ಔರಾದ್ ಮೂರೂ ಕಡೆಯ ಜಮಾಅತ್‌ಗಳು ಇಂಥದೊಂದು ಅರ್ಜಿ ಹಾಕಲಿ. ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕಾದುದು ಅಧಿಕಾರಿಗಳ ಕಾನೂನುಬದ್ಧ ಹೊಣೆ. ಉತ್ತರ ಬಂದ ದಿನ ಅದನ್ನು ಮಸ್ಜಿದ್‌ನ ಫಲಕದ ಮೇಲೆ ಅಂಟಿಸಿ, ವಾರ್ಡಿನ ಸದಸ್ಯರನ್ನು ಅಲ್ಲಿಗೇ ಕರೆಸಿ ವಿವರಣೆ ಕೇಳಬಹುದು.